ಮುಳ್ಳು ಯಾವಾಗ ಬೀಳುತ್ತದೆ?

ಚಳ್ಳಕೆರೆಯಿಂದ ಬಳ್ಳಾರಿ ಕಡೆಗೆ ಹೊರಟರೆ ಊರು ಮುಗಿಯುವಲ್ಲಿ ಒಂದು ಬೇವಿನ ಮರ, ಅದರ ಕೆಳಗೆ ಒಂದು ಗ್ಯಾರೇಜು. ಬೋರ್ಡಿಲ್ಲ. ನೆಲ ಮಾತ್ರ ವರ್ಷಗಟ್ಟಲೆ ಇಂಜಿನ್ ಆಯಿಲ್ ಕುಡಿದು ಟಾರು ರಸ್ತೆಯ ಹಾಗೆ ಗಟ್ಟಿಯಾಗಿದೆ. ಶೇಂಗಾ ಎಣ್ಣೆ ಮಿಲ್ಲುಗಳಿಂದ ಆಯಿಲ್ ಸಿಟಿ ಎಂದು ಹೆಸರಾದ ಊರಿನಲ್ಲಿ ನಾನು ಇನ್ನೊಂದು ಬಗೆಯ ಎಣ್ಣೆಯ ಪಾಠ ಕಲಿತದ್ದು ಆ ಮರದ ನೆರಳಲ್ಲಿ.

ಒಂದು ಬೆಳಿಗ್ಗೆ ಈರುಳ್ಳಿ ಹೊರುವ ಹಳೆಯ ಆರು ಸಿಲಿಂಡರಿನ ಲಾರಿಯೊಂದು ಬಂತು. ಮಾಲೀಕನೇ ಡ್ರೈವರು. ಯಶವಂತಪುರದ ಮಂಡಿಗೆ ಲೋಡು ಒಯ್ಯುವಾಗ ಆಯಿಲ್ ಪ್ರೆಶರ್ ಬೀಳುತ್ತದೆ ಎಂಬುದು ಅವನ ದೂರು. ಅಷ್ಟರಲ್ಲಿ ಮೂರು ಕಡೆ ತೋರಿಸಿದ್ದ. ಒಬ್ಬರು ಪಂಪ್ ಹೋಗಿದೆ ಎಂದಿದ್ದರು. ಇನ್ನೊಬ್ಬರು ಇಂಜಿನ್ ಬೋರಿಗೆ ಬಂದಿದೆ, ಫುಲ್ ಇಂಜಿನ್ ಕೆಲಸ ಮಾಡಿಸು ಎಂದಿದ್ದರು. ಮೂರನೆಯವರು ಗಟ್ಟಿ ಎಣ್ಣೆ ಹಾಕಿ ಕಳಿಸಿದ್ದರು. ಗಟ್ಟಿ ಎಣ್ಣೆ ಹಾಕಿಸಿದ ಮೇಲೆ ಕಾಯಿಲೆ ಜಾಸ್ತಿಯಾಗಿತ್ತು.

ಮೇಸ್ತ್ರಿ ಬಾನೆಟ್ಟಿನ ಹತ್ತಿರವೂ ಹೋಗಲಿಲ್ಲ. ಮರದ ಬುಡದಲ್ಲಿ ಕೂತಲ್ಲಿಂದಲೇ ಕೇಳಿದರು.

“ಮುಳ್ಳು ಬೀಳ್ತದೆ ಅಂದ್ಯಲ್ಲಪ್ಪಾ, ಯಾವಾಗ ಬೀಳ್ತದೆ?”

“ಏರಲ್ಲಿ ಮೇಸ್ತ್ರಿ. ಎಕ್ಸಲರೇಟರ್ ಒತ್ತಿ ಹಿಡಿದ್ರೆ ಸ್ವಲ್ಪ ಹೊತ್ತು ಇರ್ತದೆ, ಆಮೇಲೆ ನಡುಗ್ತಾ ನಡುಗ್ತಾ ಇಳೀತದೆ.”

“ಐಡಲಲ್ಲಿ?”

“ಐಡಲಲ್ಲಿ ಕಮ್ಮಿ ಐತೆ, ಆದ್ರೆ ಐತೆ. ಇನ್ನೊಂದು, ಗಾಡಿ ಆಫ್ ಮಾಡಿ ಒಂದು ಟೀ ಕುಡಿದು ಬಂದ್ರೆ ಮತ್ತೆ ಸರಿಯಾಗಿರ್ತದೆ.”

“ಈ ಟೀ ವಿಷಯ ಆ ಮೂರು ಜನಕ್ಕೆ ಹೇಳಿದ್ಯಾ?”

“ಯಾರೂ ಕೇಳ್ಲಿಲ್ಲ ಮೇಸ್ತ್ರಿ.”

ಆ ಒಂದು ಲೋಟ ಟೀಯಲ್ಲಿ ಮುಕ್ಕಾಲು ಪಾಲು ಉತ್ತರ ಇತ್ತು. ಹೇಗೆ ಎಂದು ತಿಳಿಯಬೇಕಾದರೆ ಆ ಮುಳ್ಳು ನಿಜಕ್ಕೂ ಏನನ್ನು ಅಳೆಯುತ್ತದೆ ಎಂಬಲ್ಲಿಂದ ಹೊರಡಬೇಕು.

*

ಆಯಿಲ್ ಪಂಪು ಪ್ರೆಶರ್ ಹುಟ್ಟಿಸುತ್ತದೆ ಎಂದು ಎಲ್ಲರೂ ಹೇಳುತ್ತೇವೆ. ಅದು ಅರ್ಧ ಸತ್ಯ. ಹಳೆಯ ಲಾರಿಗಳಲ್ಲಿ ಇರುವುದು ಗೇರ್ ಪಂಪು. ಒಂದಕ್ಕೊಂದು ಹಲ್ಲು ಕಚ್ಚಿ ತಿರುಗುವ ಎರಡು ಗೇರುಗಳು ತಮ್ಮ ಹಲ್ಲಿನ ಸಂದುಗಳಲ್ಲಿ ಎಣ್ಣೆ ತುಂಬಿಕೊಂಡು ಆಚೆ ಬದಿಗೆ ಸುರಿಯುತ್ತವೆ. ಒಂದು ಸುತ್ತಿಗೆ ಇಷ್ಟು ಎಣ್ಣೆ ಎಂದು ಲೆಕ್ಕ. ಪಂಪಿನ ಕೆಲಸ ಅಲ್ಲಿಗೆ ಮುಗಿಯಿತು: ಅದು ಹರಿವನ್ನು ಕೊಡುತ್ತದೆ. ಆ ಹರಿವಿಗೆ ಮುಂದೆ ಎಷ್ಟು ಅಡ್ಡಿ ಇದೆಯೋ ಅಷ್ಟು ಒತ್ತಡ ಹುಟ್ಟುತ್ತದೆ.

ಚಿತ್ರದುರ್ಗ ಸೀಮೆಯ ರೈತರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. ದಾಳಿಂಬೆ ತೋಟಕ್ಕೆ ಡ್ರಿಪ್ ಹಾಕಿಸಿದವರು ಫಿಲ್ಟರಿನ ಪಕ್ಕದ ಗೇಜನ್ನು ದಿನಾ ನೋಡುತ್ತಾರೆ. ನಡುವೆ ಎಲ್ಲೋ ಲ್ಯಾಟರಲ್ ಪೈಪನ್ನು ಹಂದಿ ಕಚ್ಚಿ ಹಾಕಿದರೆ ಗೇಜು ಇಳಿಯುತ್ತದೆ. ಬೋರಿನಲ್ಲಿ ನೀರು ಕಮ್ಮಿಯಾದರೂ ಇಳಿಯುತ್ತದೆ. ತೂತುಗಳಲ್ಲಿ ಉಪ್ಪು ಕಟ್ಟಿಕೊಂಡರೆ ಗೇಜು ಏರುತ್ತದೆ, ಗಿಡ ಮಾತ್ರ ಒಣಗುತ್ತದೆ. ಗೇಜು ಚೆನ್ನಾಗಿ ತೋರಿಸಿದ ಮಾತ್ರಕ್ಕೆ ಬೇರಿಗೆ ನೀರು ಮುಟ್ಟಿತು ಎಂದು ಯಾವ ರೈತನೂ ನಂಬುವುದಿಲ್ಲ. ಅದೇ ರೈತ ಲಾರಿಯ ಸ್ಟೀರಿಂಗ್ ಹಿಡಿದಾಗ ಮುಳ್ಳು ಮೇಲಿದ್ದರೆ ಕ್ಷೇಮ ಎಂದುಕೊಳ್ಳುತ್ತಾನೆ. ಈ ಅಧ್ಯಾಯವನ್ನು ಬರೆಯಲು ಕಾರಣವೇ ಆ ನಂಬಿಕೆ.

ಎಣ್ಣೆಯ ದಾರಿಯನ್ನು ಒಮ್ಮೆ ನಡೆದು ನೋಡೋಣ. ಇಂಜಿನ್ನಿನ ತಳದಲ್ಲಿ ತೊಟ್ಟಿಯಂತೆ ಇರುವುದು ಚೇಂಬರ್. ಅದರ ತಳಕ್ಕಿಂತ ತುಸು ಮೇಲೆ ಜಾಲರಿ ಕಟ್ಟಿದ ಸ್ಟ್ರೇನರ್. ಅದರ ಮೂಲಕ ಪಂಪು ಎಣ್ಣೆ ಹೀರುತ್ತದೆ. ಪಂಪಿನಾಚೆ ಒಂದು ಸ್ಪ್ರಿಂಗ್ ವಾಲ್ವು. ಒತ್ತಡ ಮಿತಿ ಮೀರಿದರೆ ಅದು ತೆರೆದು ಹೆಚ್ಚಿನ ಎಣ್ಣೆಯನ್ನು ಚೇಂಬರಿಗೇ ವಾಪಸು ಬಿಡುತ್ತದೆ. ಮುಂದೆ ಫಿಲ್ಟರ್. ಆಮೇಲೆ ಬ್ಲಾಕಿನ ಉದ್ದಕ್ಕೂ ಕೊರೆದ ಮುಖ್ಯ ಕಾಲುವೆ, ಗ್ಯಾಲರಿ ಎನ್ನುತ್ತಾರೆ. ಅಲ್ಲಿಂದ ಮೈನ್ ಬೇರಿಂಗುಗಳಿಗೆ, ಕ್ರ್ಯಾಂಕಿನೊಳಗೆ ಕೊರೆದ ತೂತುಗಳ ಮೂಲಕ ಬಿಗ್ ಎಂಡಿಗೆ, ಮೇಲಕ್ಕೆ ಕ್ಯಾಮ್ ಶಾಫ್ಟಿಗೆ, ಕಟ್ಟಕಡೆಗೆ ಟ್ಯಾಪೆಟ್ ಕವರಿನೊಳಗಿನ ರಾಕರುಗಳಿಗೆ. ಕಾಲುವೆಯ ಕೊನೆಯ ಗದ್ದೆ ಅದು. ನೀರಿಗೆ ಬರ ಬಂದರೆ ಮೊದಲು ಒಣಗುವುದೂ ಅದೇ. ಮೇಲಿನಿಂದ ಟ್ಯಾಪೆಟ್ ಸದ್ದು ಏಕಾಏಕಿ ಜೋರಾದರೆ ಹಳೆಯ ಡ್ರೈವರುಗಳು ಗೇಜು ನೋಡುವುದಕ್ಕೂ ಮೊದಲು ಇಂಜಿನ್ ಆಫ್ ಮಾಡುವುದು ಅದಕ್ಕೇ.

*

ಈಗ ಒಂದು ಹಳೆಯ ಪ್ರಯೋಗದ ಕಥೆ ಹೇಳಬೇಕು. ನನಗೆ ಬಹಳ ಪ್ರಿಯವಾದ ಕಥೆ.

1880ರ ದಶಕದ ಆರಂಭದಲ್ಲಿ ಇಂಗ್ಲೆಂಡಿನ ಮೆಕ್ಯಾನಿಕಲ್ ಇಂಜಿನಿಯರುಗಳ ಸಂಸ್ಥೆ ಬೇರಿಂಗುಗಳ ಘರ್ಷಣೆಯನ್ನು ಅಳೆಯುವ ಕೆಲಸವನ್ನು ಬೋಷಾಂಪ್ ಟವರ್ ಎಂಬ ಇಂಜಿನಿಯರಿಗೆ ಒಪ್ಪಿಸಿತು. ರೈಲುಗಾಡಿಯ ಅಚ್ಚಿಗೆ ಇರುವಂಥ ಬೇರಿಂಗ್. ನಾಲ್ಕು ಅಂಗುಲ ದಪ್ಪದ ದಂಡ ತಿರುಗುತ್ತದೆ, ಮೇಲೆ ಹಿತ್ತಾಳೆಯ ಮುಚ್ಚಳ ಕೂತಿದೆ, ದಂಡದ ಕೆಳಭಾಗ ಎಣ್ಣೆಯಲ್ಲಿ ಮುಳುಗಿದೆ. ಎಣ್ಣೆ ಹಾಕಲೆಂದು ಟವರ್ ಮುಚ್ಚಳದ ನೆತ್ತಿಗೆ ಒಂದು ತೂತು ಕೊರೆಸಿದರು. ಯಂತ್ರ ತಿರುಗಿದಾಗ ಎಣ್ಣೆ ಒಳಗೆ ಇಳಿಯುವ ಬದಲು ಆ ತೂತಿನಿಂದ ಮೇಲಕ್ಕೆ ಉಕ್ಕಿತು. ಬಿರಡೆ ಹಾಕಿದರು, ಹಾರಿತು. ಮರದ ಗೂಟ ಬಡಿದರು, ಅದನ್ನೂ ಎಣ್ಣೆ ಮೆಲ್ಲಗೆ ಹೊರದಬ್ಬಿತು. ಕೊನೆಗೆ ಆ ತೂತಿಗೆ ಪ್ರೆಶರ್ ಗೇಜು ಕೂಡಿಸಿದರು. ಬೇರಿಂಗಿನ ಮೇಲೆ ಚದರ ಅಂಗುಲಕ್ಕೆ ಸರಾಸರಿ 100 ಪೌಂಡ್ ಭಾರ ಹೇರಿದ್ದರು. ಗೇಜು 200 ದಾಟಿತು.

ಅಲ್ಲಿ ಪಂಪೇ ಇರಲಿಲ್ಲ ಎಂಬುದನ್ನು ಗಮನಿಸಿ. ತಿರುಗುವ ದಂಡವೇ ಎಣ್ಣೆಯನ್ನು ಕಿರಿದಾಗುತ್ತ ಹೋಗುವ ಸಂದಿಗೆ ಎಳೆದೊಯ್ದು ಒತ್ತಡ ಹುಟ್ಟಿಸಿತ್ತು. ದಂಡವೂ ಹಿತ್ತಾಳೆಯೂ ಒಂದನ್ನೊಂದು ಮುಟ್ಟುತ್ತಲೇ ಇರಲಿಲ್ಲ, ನಡುವೆ ಎಣ್ಣೆಯ ಪೊರೆ ಇತ್ತು. ಟವರ್ 1883ರಲ್ಲಿ ಇದನ್ನು ವರದಿ ಮಾಡಿದರು. 1886ರಲ್ಲಿ ಆಸ್ಬರ್ನ್ ರೆನಾಲ್ಡ್ಸ್ ಇದರ ಗಣಿತವನ್ನು ಬರೆದರು. ಇವತ್ತಿಗೂ ಬೇರಿಂಗ್ ವಿನ್ಯಾಸ ಮಾಡುವವರು ಆ ಸಮೀಕರಣದಿಂದಲೇ ಆರಂಭಿಸುತ್ತಾರೆ.

ನಮ್ಮ ಲಾರಿಯ ಕ್ರ್ಯಾಂಕ್ ಶಾಫ್ಟನ್ನು ಎತ್ತಿ ಹಿಡಿದಿರುವುದೂ ಈ ಪೊರೆಯೇ. ಸಿಲಿಂಡರಿನಲ್ಲಿ ಡೀಸೆಲ್ ಉರಿದು ಪಿಸ್ಟನ್ ಕೆಳಕ್ಕೆ ಗುದ್ದಿದಾಗ ಬಿಗ್ ಎಂಡಿನ ಪೊರೆಯೊಳಗೆ ಏಳುವ ಒತ್ತಡ ಗೇಜಿನ ಅಂಕಿಯ ನೂರು ಪಟ್ಟಿಗೂ ಮೀರಬಹುದು. ಆ ಕ್ಷಣದಲ್ಲಿ ಪೊರೆಯ ದಪ್ಪ ಕೆಲವೇ ಮೈಕ್ರಾನು. ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನು ಎಂದು ನೆನೆದರೆ ಅದು ಎಷ್ಟು ತೆಳು ಎಂದು ತಿಳಿದೀತು. ಚದರ ಸೆಂಟಿಮೀಟರಿಗೆ ಮೂರು ನಾಲ್ಕು ಕೆ.ಜಿ. ಇರುವ ಪಂಪಿನ ಒತ್ತಡಕ್ಕೆ ಆ ಗುದ್ದನ್ನು ತಡೆಯುವ ಶಕ್ತಿ ಇಲ್ಲ. ಬೇರಿಂಗಿನಿಂದ ಎರಡು ಬದಿಗೂ ಸೋರಿ ಹೋಗುವ ಎಣ್ಣೆಯ ಜಾಗಕ್ಕೆ ಹೊಸ ಎಣ್ಣೆಯನ್ನು ತಂದು ಕೊಡುವುದಷ್ಟೇ ಅದರ ಹೊಣೆ. ಜೊತೆಗೆ ಬಿಸಿಯನ್ನು ಹೊತ್ತೊಯ್ಯುವುದು. ಅಂದರೆ ಗೇಜಿನ ಮುಳ್ಳು ಹೇಳುವುದು ಒಂದೇ ಮಾತು: ಕಾಲುವೆ ತುಂಬಿದೆ, ಅಥವಾ ತುಂಬಿಲ್ಲ. ಯಾಕೆ ತುಂಬಿಲ್ಲ ಎಂಬುದನ್ನು ಅದು ಹೇಳಲಾರದು. ನಾವೇ ಕೇಳಿ ತಿಳಿಯಬೇಕು.

*

ಮುಳ್ಳು ಇಳಿಯಲು ದೊಡ್ಡ ಕಾರಣಗಳು ಮೂರು. ಎಣ್ಣೆ ತೆಳುವಾಗಿರಬಹುದು, ಆಚೆ ಸೋರಿಕೆ ಹೆಚ್ಚಿರಬಹುದು, ಈಚೆ ಹೀರುವುದಕ್ಕೇ ಸಿಗದಿರಬಹುದು. ಮೂರಕ್ಕೂ ಗೇಜು ತೋರಿಸುವುದು ಅದೇ ಕಡಿಮೆ ಅಂಕಿಯನ್ನು. ಬೀಳುವ ಹೊತ್ತು ಮಾತ್ರ ಬೇರೆ ಬೇರೆ.

ಎಣ್ಣೆ ಬಿಸಿಯಾದಂತೆ ತೆಳುವಾಗುತ್ತದೆ. ಲಾರಿಗಳಿಗೆ ಹಾಕುವ 15ಡಬ್ಲ್ಯೂ-40 ಎಣ್ಣೆಯನ್ನು 40 ಡಿಗ್ರಿಯಿಂದ 100 ಡಿಗ್ರಿಗೆ ಕಾಯಿಸಿದರೆ ಅದರ ಸ್ನಿಗ್ಧತೆ ಸುಮಾರು ಏಳನೇ ಒಂದು ಭಾಗಕ್ಕೆ ಇಳಿಯುತ್ತದೆ. ಆದ್ದರಿಂದ ಬೆಳಗಿನ ಚಳಿಯಲ್ಲಿ ಸ್ಟಾರ್ಟ್ ಮಾಡಿದಾಗ ಗೇಜು ಎಷ್ಟಿತ್ತು ಎಂಬುದಕ್ಕೆ ಬೆಲೆಯಿಲ್ಲ. ಸವೆದ ಇಂಜಿನ್ನೂ ಆಗ ಚೆನ್ನಾಗಿಯೇ ತೋರಿಸುತ್ತದೆ. ಹಳೆಯ ಲಾರಿ ಮಾರುವವರು ಬೆಳಿಗ್ಗೆ ಬೇಗ ಬಂದು ನೋಡಿ ಎಂದರೆ ಅನುಮಾನ ಪಡಬೇಕು. ಹತ್ತಿಪ್ಪತ್ತು ಕಿಲೋಮೀಟರ್ ಓಡಿಸಿ ಇಂಜಿನ್ ಪೂರ್ತಿ ಬಿಸಿಯಾದ ಮೇಲೆ ನೋಡಿದ ಅಂಕಿಯೇ ಅಂಕಿ.

ಸೋರಿಕೆಯ ವಿಷಯ ಇನ್ನೂ ಸ್ವಾರಸ್ಯದ್ದು. ಕ್ರ್ಯಾಂಕಿನ ಜರ್ನಲ್ಲಿಗೂ ಬೇರಿಂಗಿಗೂ ನಡುವಿನ ಸಂದು, ಮೇಸ್ತ್ರಿಗಳ ಮಾತಿನಲ್ಲಿ ಕ್ಲಿಯರೆನ್ಸ್, ಹೊಸದರಲ್ಲಿ 0.06 ಮಿ.ಮೀ. ಇತ್ತು ಎಂದುಕೊಳ್ಳಿ. ಸವೆದು 0.12 ಆಯಿತು. ಸಂದು ಎರಡು ಪಟ್ಟಾಯಿತು, ಸೋರಿಕೆಯೂ ಎರಡು ಪಟ್ಟು ಎಂದು ಯಾರಿಗಾದರೂ ಅನಿಸುತ್ತದೆ. ಆದರೆ ಕಿರಿದಾದ ಸಂದಿನಲ್ಲಿ ದ್ರವದ ಹರಿವು ಸಂದಿನ ಘನಕ್ಕೆ ತಕ್ಕಂತೆ ಏರುತ್ತದೆ. ಎರಡರ ಘನ ಎಂಟು. ಅದೇ ಒತ್ತಡಕ್ಕೆ ಎಂಟು ಪಟ್ಟು ಎಣ್ಣೆ ಆ ಬೇರಿಂಗಿನಿಂದ ಸುರಿದು ಹೋಗುತ್ತದೆ. ವರ್ಷಗಟ್ಟಲೆ ಸದ್ದಿಲ್ಲದೆ ಓಡಿದ ಇಂಜಿನ್ನು ಕೊನೆಯ ಆರು ತಿಂಗಳಲ್ಲಿ ದಿಢೀರನೆ ಪ್ರೆಶರ್ ಕಳೆದುಕೊಳ್ಳುವುದು ಇದರಿಂದಲೇ.

ಇಂಥ ಸವೆತದ ಗುರುತು ಸ್ಪಷ್ಟ. ಬಿಸಿ ಇಂಜಿನ್ನು ಐಡಲಿನಲ್ಲಿರುವಾಗ ಪಂಪು ನಿಧಾನ ತಿರುಗುತ್ತದೆ, ಬರುವ ಎಣ್ಣೆಯೆಲ್ಲ ಸೋರಿಹೋಗುತ್ತದೆ, ಮುಳ್ಳು ಮಲಗುತ್ತದೆ. ಎಕ್ಸಲರೇಟರ್ ಒತ್ತಿದರೆ ಪಂಪು ಹೆಚ್ಚು ಎಣ್ಣೆ ತರುತ್ತದೆ, ಮುಳ್ಳು ಏಳುತ್ತದೆ. ಇಂಜಿನ್ ಕೆಲಸದವರ ಒಂದು ಅಂದಾಜು ಲೆಕ್ಕದಲ್ಲಿ ಪ್ರತಿ 1000 ಆರ್‌ಪಿಎಂಗೆ 10 ಪಿಎಸ್‌ಐ, ಎಂದರೆ ಸುಮಾರು 0.7 ಕೆ.ಜಿ. ಇದ್ದರೆ ತಳಮಳ ಬೇಡ. ಆಯಾ ಇಂಜಿನ್ನಿನ ಕೈಪಿಡಿ ಏನು ಹೇಳುತ್ತದೋ ಅದೇ ಕೊನೆಯ ಮಾತು.

ಈರುಳ್ಳಿ ಲಾರಿಯದು ತಿರುಗುಮುರುಗಾಗಿತ್ತು. ಒತ್ತಿದಾಗ ಬೀಳುತ್ತಿತ್ತು. ಸವೆದ ಬೇರಿಂಗು ಒಂದೇ ಕಾರಣವಾಗಿದ್ದರೆ ಹಾಗೆ ಆಗುವುದಿಲ್ಲ. ವೇಗ ಹೆಚ್ಚಿದಾಗ ಪಂಪು ಹೆಚ್ಚು ಎಣ್ಣೆ ಕೇಳುತ್ತದೆ. ಕೇಳಿದಷ್ಟು ಸಿಗದಿದ್ದರೆ ಮಾತ್ರ ಮುಳ್ಳು ನಡುಗಿ ಇಳಿಯುತ್ತದೆ. ಚೇಂಬರಿನಲ್ಲಿರುವ ಎಣ್ಣೆಯನ್ನು ಪಂಪಿನೊಳಕ್ಕೆ ನೂಕುವುದು ಹೊರಗಿನ ಗಾಳಿಯ ಒತ್ತಡ, ಅದು ಹೆಚ್ಚೆಂದರೆ ಚದರ ಸೆಂಟಿಮೀಟರಿಗೆ ಒಂದು ಕೆ.ಜಿ. ಪಂಪು ಎಷ್ಟೇ ಬಲವಾಗಿರಲಿ, ಹೀರುವ ಬದಿಯಲ್ಲಿ ಆ ಒಂದು ಕೆ.ಜಿ.ಯ ಮೇಲೆ ಒಂದು ಗುಂಜಿಯೂ ಸಿಗದು. ಸ್ಟ್ರೇನರಿನ ಜಾಲರಿ ಕಟ್ಟಿಕೊಂಡಿದ್ದರೆ ಪಂಪಿನ ಬಾಯಿಗೆ ಎಣ್ಣೆಯ ಜೊತೆ ಗುಳ್ಳೆ ಬರತೊಡಗುತ್ತದೆ. ಎಣ್ಣೆ ಗಟ್ಟಿಯಾದಷ್ಟೂ ಆ ಜಾಲರಿಯಲ್ಲಿ ಹಾಯುವುದು ಕಷ್ಟ. ಮೂರನೆಯ ಗ್ಯಾರೇಜಿನ ಔಷಧಿ ಕಾಯಿಲೆಯನ್ನು ಹೆಚ್ಚಿಸಿದ್ದು ಹೀಗೆ.

ಇನ್ನು ಟೀ. ಇಂಜಿನ್ ನಿಂತರೆ ಹೀರುವಿಕೆ ನಿಲ್ಲುತ್ತದೆ. ಜಾಲರಿಗೆ ಅಂಟಿಕೊಂಡಿದ್ದ ಕೆಸರು ಕಳಚಿ ಮತ್ತೆ ಚೇಂಬರಿನ ತಳಕ್ಕೆ ಇಳಿಯುತ್ತದೆ. ಹತ್ತು ನಿಮಿಷ ಬಿಟ್ಟು ಹೊರಟರೆ ದಾರಿ ತೆರೆದಿರುತ್ತದೆ, ಮುಂದಿನ ಏರಿನಲ್ಲಿ ಕೆಸರು ಮತ್ತೆ ಬಂದು ಜಾಲರಿಗೆ ಕೂರುತ್ತದೆ. ಸವೆದ ಪಂಪಾಗಲಿ ಸವೆದ ಬೇರಿಂಗಾಗಲಿ ಟೀ ಕುಡಿದು ಬರುವಷ್ಟರಲ್ಲಿ ವಾಸಿಯಾಗುವುದಿಲ್ಲ.

*

ಆ ಕೆಸರಿಗೆ ಗ್ಯಾರೇಜಿನಲ್ಲಿ ಕಿಟ್ಟ ಎನ್ನುತ್ತಾರೆ, ಕೆಲವರು ಗಸಿ ಎನ್ನುತ್ತಾರೆ. ಅದು ಎಲ್ಲಿಂದ ಬರುತ್ತದೆ?

ಮೊದಲಿಗೆ ಮಸಿ. ಡೀಸೆಲ್ ಉರಿಯುವಾಗ ಹುಟ್ಟುವ ಇಂಗಾಲದ ಕಣಗಳು ಮಿಲಿಮೀಟರಿನ ಲಕ್ಷದಲ್ಲಿ ಕೆಲವು ಪಾಲಿನಷ್ಟು ಸಣ್ಣವು. ಪಿಸ್ಟನ್ ರಿಂಗುಗಳ ಸಂದಿನಿಂದ ಸ್ವಲ್ಪ ಹೊಗೆ ಯಾವಾಗಲೂ ಕೆಳಗಿಳಿಯುತ್ತದೆ. ರಿಂಗು ಸವೆದಷ್ಟೂ ಅದು ಹೆಚ್ಚು. ಆಯಿಲ್ ಹಾಕುವ ಮುಚ್ಚಳ ತೆಗೆದರೆ ಪುಸುಪುಸು ಹೊಗೆ ಬರುತ್ತದಲ್ಲ, ಮೇಸ್ತ್ರಿಗಳು ಬ್ಯಾಕ್ ಕಂಪ್ರೆಷನ್ ಎನ್ನುವುದು ಅದನ್ನೇ. ಬಳ್ಳಾರಿ ಕಡೆ ಅದಿರು ಹೊತ್ತ ಲಾರಿಗಳಲ್ಲಿ ಏರ್ ಫಿಲ್ಟರ್ ಸರಿ ಇಲ್ಲದಿದ್ದರೆ ಕೆಂಪು ದೂಳೇ ರಿಂಗನ್ನು ಉಜ್ಜಿ ತಿನ್ನುತ್ತದೆ.

ಎರಡನೆಯದು ನೀರು. ಒಂದು ಲೀಟರ್ ಡೀಸೆಲ್ ಉರಿದರೆ ಅದರ ಹೈಡ್ರೋಜನ್ ಆಮ್ಲಜನಕದೊಡನೆ ಸೇರಿ ಹೆಚ್ಚುಕಡಿಮೆ ಒಂದು ಲೀಟರ್ ನೀರಾಗುತ್ತದೆ. ಮೊದಲ ಸಲ ಈ ಲೆಕ್ಕ ಹಾಕಿದಾಗ ನಾನೇ ಎರಡು ಬಾರಿ ತಾಳೆ ನೋಡಿದ್ದೆ. ಬಹುಪಾಲು ಆವಿಯಾಗಿ ಸೈಲೆನ್ಸರಿನಿಂದ ಹೋಗುತ್ತದೆ. ರಿಂಗು ದಾಟಿ ಕೆಳಗಿಳಿದ ಪಾಲು ಇಂಜಿನ್ ಪೂರ್ತಿ ಬಿಸಿಯಾಗಿದ್ದರೆ ಬ್ರೀದರಿನಿಂದ ಹೊರಬೀಳುತ್ತದೆ. ಮೂರು ಕಿಲೋಮೀಟರ್ ಓಡಿಸಿ ಆಫ್ ಮಾಡಿ ನಿಲ್ಲಿಸುವ ಗಾಡಿಯಲ್ಲಿ ಅಲ್ಲೇ ತಣಿದು ಎಣ್ಣೆಗೆ ಸೇರುತ್ತದೆ. ದೂರದ ಓಟದ ಲಾರಿಗಿಂತ ಊರೊಳಗೇ ಸುತ್ತುವ ಲಾರಿಯಲ್ಲಿ ಕಿಟ್ಟ ಬೇಗ ಕಟ್ಟುವುದು ಇದರಿಂದ.

ಮೂರನೆಯದು ಎಣ್ಣೆಯೇ ಹಳತಾಗುವುದು. ಬಿಸಿಯಲ್ಲಿ ಅದು ಗಾಳಿಯ ಆಮ್ಲಜನಕದೊಡನೆ ಕೂಡಿ ಅಂಟಾಗುತ್ತದೆ. ಉಷ್ಣತೆ ಹತ್ತು ಡಿಗ್ರಿ ಏರಿದರೆ ಈ ಕ್ರಿಯೆಯ ವೇಗ ಸುಮಾರಾಗಿ ಎರಡು ಪಟ್ಟಾಗುತ್ತದೆ.

ಇಷ್ಟಿದ್ದೂ ಒಳ್ಳೆಯ ಎಣ್ಣೆಯಲ್ಲಿ ಕಿಟ್ಟ ಕಟ್ಟುವುದಿಲ್ಲ. ಅದಕ್ಕೆ ಬೆರೆಸಿರುವ ಡಿಸ್ಪರ್ಸೆಂಟ್ ಎಂಬ ಅಣುಗಳು ಒಂದೊಂದು ಮಸಿ ಕಣವನ್ನೂ ಸುತ್ತುವರಿದು ಇನ್ನೊಂದಕ್ಕೆ ಅಂಟದಂತೆ ಕಾಯುತ್ತವೆ. ಎಣ್ಣೆ ಬದಲಾಯಿಸಿದ ಕೆಲವೇ ದಿನಕ್ಕೆ ಕಪ್ಪಾದರೆ ಡೀಸೆಲ್ ಇಂಜಿನ್ನಿನಲ್ಲಿ ಅದು ದೋಷವಲ್ಲ, ಮಸಿಯನ್ನು ಎತ್ತಿ ಹಿಡಿದುಕೊಂಡಿದೆ ಎಂದರ್ಥ. ಡಬ್ಬದ ಮೇಲಿನ ಸಿಎಫ್-4, ಸಿಐ-4 ಎಂಬ ಅಕ್ಷರಗಳು ಈ ಬಗೆಯ ಸಾಮರ್ಥ್ಯದ ದರ್ಜೆಗಳು. ಮೊದಲಿನದು 1990ರ ಹೊತ್ತಿನದು, ಎರಡನೆಯದು 2002ರದ್ದು. ಎಣ್ಣೆಯನ್ನು ಮಿತಿ ಮೀರಿ ಓಡಿಸಿದಾಗ ಈ ಕಾವಲು ಅಣುಗಳು ಖರ್ಚಾಗುತ್ತವೆ. ಆಮೇಲೆ ಆಗುವುದು ಹಾಲು ಒಡೆದ ಹಾಗೆ. ಇಲ್ಲಿಯವರೆಗೆ ಬಿಡಿಬಿಡಿಯಾಗಿ ತೇಲುತ್ತಿದ್ದದ್ದು ಒಮ್ಮೆಲೇ ಗಂಟುಗಂಟಾಗಿ ತಳಕ್ಕೆ ಬೀಳುತ್ತದೆ. ರೇಡಿಯೇಟರಿನ ಕೂಲೆಂಟ್ ಎಣ್ಣೆಗೆ ಸೇರಿದರೆ ಈ ಒಡೆಯುವಿಕೆ ಇನ್ನೂ ಬೇಗ. ಕೂಲೆಂಟೋ ಬರೀ ನೀರೋ ಹೆಚ್ಚು ಸೇರಿದ ಎಣ್ಣೆ ಹಾಲು ಬೆರೆತ ಕಾಫಿಯ ಬಣ್ಣಕ್ಕೆ ತಿರುಗುತ್ತದೆ. ಆಗ ಹೆಡ್ ಗ್ಯಾಸ್ಕೆಟ್ಟನ್ನೂ ಆಯಿಲ್ ಕೂಲರನ್ನೂ ಮೊದಲು ಅನುಮಾನಿಸಬೇಕು.

*

ಮೇಸ್ತ್ರಿ ಕೊನೆಗೂ ಎದ್ದರು. ಆಗಲೂ ಸ್ಪ್ಯಾನರ್ ಮುಟ್ಟಲಿಲ್ಲ. ಆಯಿಲ್ ಕಡ್ಡಿ ಎಳೆದು ಮಟ್ಟ ನೋಡಿದರು, ಮೂಸಿದರು. ಮಟ್ಟ ತಾನಾಗಿ ಏರಿದ್ದು ಡೀಸೆಲ್ ವಾಸನೆ ಬಂದರೆ ಯಾವುದೋ ಇಂಜೆಕ್ಟರ್ ಸೋರುತ್ತಿದೆ, ಇಲ್ಲವೇ ಡೀಸೆಲ್ ಪಂಪಿನ ಪ್ಲಂಜರ್ ಸವೆದಿದೆ. ಡೀಸೆಲ್ ಬೆರೆತ ಎಣ್ಣೆ ತೆಳುವಾಗಿ ಪ್ರೆಶರ್ ಬೀಳುತ್ತದೆ, ಎಷ್ಟೋ ಗಾಡಿಗಳಲ್ಲಿ ಕಾರಣ ಅಷ್ಟೇ ಇರುತ್ತದೆ. ಬೆಂಗಳೂರಿನಲ್ಲಿ 1951ರಲ್ಲಿ ಹುಟ್ಟಿದ ಮೈಕೋ ಕಂಪನಿಯಿಂದಾಗಿ ನಮ್ಮ ಕಡೆ ಡೀಸೆಲ್ ಪಂಪಿಗೆ ಮೈಕೋ ಪಂಪೆಂದೇ ಹೆಸರು. ಆ ಪಂಪಿನ ಕೆಲಸಕ್ಕೆಂದೇ ಬೇರೆ ಅಂಗಡಿಗಳಿವೆ. ಈ ಲಾರಿಯಲ್ಲಿ ಡೀಸೆಲ್ ವಾಸನೆ ಇರಲಿಲ್ಲ.

ಮುಂದೆ ಎರಡು ಪರೀಕ್ಷೆ, ಎರಡಕ್ಕೂ ಖರ್ಚಿಲ್ಲ. ಕಾದ ತಗಡಿನ ಮೇಲೆ ಒಂದು ಹನಿ ಎಣ್ಣೆ ಬಿಟ್ಟರು. ನೀರಿದ್ದರೆ ಒಗ್ಗರಣೆಗೆ ಒದ್ದೆ ಕರಿಬೇವು ಹಾಕಿದ ಹಾಗೆ ಚಟಪಟ ಸಿಡಿಯುತ್ತದೆ. ಇಲ್ಲಿ ತುಸುವೇ ಸಿಡಿಯಿತು. ಆಮೇಲೆ ಒಂದು ಹೀರುಕಾಗದದ ಮೇಲೆ ಇನ್ನೊಂದು ಹನಿ. ಒಳ್ಳೆಯ ಎಣ್ಣೆಯ ಹನಿ ಬೂದುಬಣ್ಣದಲ್ಲಿ ಮೆಲ್ಲಗೆ ಹರಡಿ ಅಂಚಿಗೆ ಹೋಗುವಷ್ಟರಲ್ಲಿ ಮಸುಕಾಗುತ್ತದೆ. ಕಾವಲು ಅಣುಗಳು ಮುಗಿದ ಎಣ್ಣೆಯಲ್ಲಿ ಮಸಿ ನಡುವೆಯೇ ಕಪ್ಪಗೆ ಕುಳಿತು, ಸುತ್ತ ಬರೀ ಎಣ್ಣೆ ಮಾತ್ರ ಹರಿಯುತ್ತದೆ. ಅರ್ಧ ಗಂಟೆ ಬಿಟ್ಟು ನೋಡಿದಾಗ ಕಾಗದದ ನಡುವೆ ಕಾಡಿಗೆಯ ಬೊಟ್ಟಿನಂಥ ಗುಂಡನೆಯ ಕಲೆ ಇತ್ತು.

ಆಮೇಲೆ ಸಾಕ್ಷಿಯ ಪರೀಕ್ಷೆ. ಕ್ಯಾಬಿನ್ನಿನ ಗೇಜು ನಿಜ ಹೇಳುತ್ತಿದೆಯೇ? ಗೇಜಿಗೆ ಸುದ್ದಿ ಕಳಿಸುವ ಸೆಂಡರ್ ಕೆಟ್ಟು, ಅರ್ತ್ ವೈರು ಸಡಿಲವಾಗಿ ಮುಳ್ಳು ಬಿದ್ದದ್ದಕ್ಕೆ ಇಂಜಿನ್ ಇಳಿಸಿದವರನ್ನು ನಾನು ನೋಡಿದ್ದೇನೆ. ಬ್ಲಾಕಿನಿಂದ ಸೆಂಡರ್ ಬಿಚ್ಚಿ ಅಲ್ಲಿಗೆ ಮೇಸ್ತ್ರಿ ತಮ್ಮ ಮೆಕ್ಯಾನಿಕಲ್ ಗೇಜಿನ ಪೈಪು ಕೂಡಿಸಿದರು. ಅದರೊಳಗಿರುವುದು 1849ರಲ್ಲಿ ಪ್ಯಾರಿಸಿನ ಯೂಜೀನ್ ಬೂರ್ಡೋನ್ ಪೇಟೆಂಟ್ ಪಡೆದ ಉಪಾಯ: ಚಪ್ಪಟೆ ಮಾಡಿ ಬಾಗಿಸಿದ ಒಂದು ಕೊಳವೆ. ಜಾತ್ರೆಯಲ್ಲಿ ಮಕ್ಕಳು ಊದುವ ಕಾಗದದ ಸುರುಳಿ ಪೀಪಿ ಬಿಚ್ಚಿಕೊಳ್ಳುವ ಹಾಗೆ ಒತ್ತಡಕ್ಕೆ ಆ ಕೊಳವೆ ತುಸು ನೇರವಾಗುತ್ತದೆ, ಮುಳ್ಳನ್ನು ತಿರುಗಿಸುತ್ತದೆ. ವೈರಿಲ್ಲ, ಬ್ಯಾಟರಿಯಿಲ್ಲ, ಸುಳ್ಳು ಹೇಳಲು ಅವಕಾಶ ಕಡಿಮೆ.

ಇಪ್ಪತ್ತು ಕಿಲೋಮೀಟರ್ ಓಡಿಸಿ ತಂದ ಮೇಲೆ ನಾನೇ ಪಕ್ಕದಲ್ಲಿ ನಿಂತು ಬರೆದುಕೊಂಡ ಅಂಕಿಗಳಿವು. ಬಿಸಿ ಐಡಲಿನಲ್ಲಿ 0.9 ಕೆ.ಜಿ. 1500 ಆರ್‌ಪಿಎಂಗೆ ಏರಿಸಿದಾಗ 2.6. ಅಲ್ಲೇ ಹಿಡಿದು ನಿಂತಾಗ ಅರ್ಧ ನಿಮಿಷದೊಳಗೆ ಮುಳ್ಳು ನಡುಗುತ್ತ 1.4ಕ್ಕೆ ಇಳಿಯಿತು. ಕ್ಯಾಬಿನ್ನಿನ ಗೇಜು ಸುಳ್ಳು ಹೇಳಿರಲಿಲ್ಲ.

“ಇದಕ್ಕೆ ಮುಂಚೆ ಆಯಿಲ್ ಬದ್ಲಿ ಮಾಡ್ಸಿದಾಗ ಏನು ಮಾಡಿದ್ರಪ್ಪಾ?”

ಮಾಲೀಕ ಹೇಳಿದ. ಎರಡು ಸೀಸನ್ ಎಣ್ಣೆ ಬದಲಾಯಿಸದೆ ಟಾಪ್ ಅಪ್ ಮಾಡಿಕೊಂಡೇ ಓಡಿಸಿದ್ದ. ಸೀಸನ್ ಇಲ್ಲದಾಗ ಗಾಡಿ ಊರೊಳಗೇ ಸುತ್ತಿತ್ತು. ಕೊನೆಗೆ ಎಣ್ಣೆ ಬದಲಾಯಿಸುವಾಗ ಒಳಗೆಲ್ಲ ತೊಳೆದುಹೋಗಲಿ ಎಂದು ಯಾರದೋ ಮಾತು ಕೇಳಿ ಐದು ಲೀಟರ್ ಡೀಸೆಲ್ ಸುರಿದು ಹತ್ತು ನಿಮಿಷ ಐಡಲಿನಲ್ಲಿ ಬಿಟ್ಟಿದ್ದ.

ಈ ಡೀಸೆಲ್ ಸ್ನಾನದ ಬಗ್ಗೆ ನಾನು ಖಡಾಖಂಡಿತವಾಗಿ ಹೇಳುತ್ತೇನೆ: ಕಿಟ್ಟ ಕಟ್ಟಿದ ಇಂಜಿನ್ನಿಗೆ ಇದನ್ನು ಮಾಡಬಾರದು. ಆ ಹತ್ತು ನಿಮಿಷ ಬೇರಿಂಗುಗಳಿಗೆ ಪೊರೆ ಕಟ್ಟಲಾರದಷ್ಟು ತೆಳುವಾದ ದ್ರವ ಸಿಗುತ್ತದೆ. ಅದಕ್ಕಿಂತ ಕೇಡೆಂದರೆ, ಗೋಡೆಗಳಿಗೆ ಗಟ್ಟಿಯಾಗಿ ಅಂಟಿಕೊಂಡು ಯಾರ ತಂಟೆಗೂ ಹೋಗದೆ ಇದ್ದ ಕಿಟ್ಟ ಮೆತ್ತಗಾಗಿ ಹಾಳೆಹಾಳೆಯಾಗಿ ಕಳಚುತ್ತದೆ. ಡ್ರೈನ್ ಬೋಲ್ಟಿನಿಂದ ಹೊರಬರುವುದು ಸ್ವಲ್ಪ. ಮಿಕ್ಕದ್ದು ತಳದಲ್ಲಿ ಕೂತು ಸ್ಟ್ರೇನರಿನ ದಾರಿ ಕಾಯುತ್ತದೆ. ಹಾಗೆ ಕಟ್ಟಿದ ಇಂಜಿನ್ನನ್ನು ತೊಳೆಯುವ ದಾರಿ ಎರಡೇ. ಚೇಂಬರ್ ಇಳಿಸಿ ಕೈಯಾರೆ ಕೆರೆಯುವುದು ಒಂದು. ಒಳ್ಳೆಯ ದರ್ಜೆಯ ಎಣ್ಣೆ ಹಾಕಿ, ಒಂದೆರಡು ಸಲ ಬೇಗ ಬೇಗ ಎಣ್ಣೆಯನ್ನೂ ಫಿಲ್ಟರನ್ನೂ ಬದಲಾಯಿಸುತ್ತ ನಿಧಾನವಾಗಿ ಕರಗಲು ಬಿಡುವುದು ಇನ್ನೊಂದು.

*

ಮಧ್ಯಾಹ್ನ ಚೇಂಬರ್ ಇಳಿಯಿತು. ತಳದಲ್ಲಿ ಎರಡು ಬೆರಳು ದಪ್ಪ ಕಪ್ಪು ಮುದ್ದೆ, ರಾಗಿ ಅಂಬಲಿ ಆರಿ ಕೆನೆಗಟ್ಟಿದ ಹಾಗೆ. ಸ್ಟ್ರೇನರಿನ ಜಾಲರಿಯಲ್ಲಿ ಬೆಳಕು ಕಂಡದ್ದು ಕಾಲು ಭಾಗದಲ್ಲಿ ಮಾತ್ರ. ಫಿಲ್ಟರನ್ನು ಮೇಸ್ತ್ರಿ ಗರಗಸದಿಂದ ಕೊಯ್ದು ಕಾಗದದ ಮಡಿಕೆಗಳನ್ನು ಬಿಸಿಲಿಗೆ ಹಿಡಿದರು. ಕಿಟ್ಟ ತುಂಬಿ ಅದೂ ಮುಚ್ಚಿಹೋಗಿತ್ತು. ಮುಚ್ಚಿದ ಫಿಲ್ಟರಿನಲ್ಲಿ ಬೈಪಾಸ್ ವಾಲ್ವು ತೆರೆದುಕೊಳ್ಳುತ್ತದೆ. ಎಣ್ಣೆಯೇ ಇಲ್ಲದಿರುವುದಕ್ಕಿಂತ ಕೊಳೆ ಎಣ್ಣೆ ವಾಸಿ ಎಂಬ ಲೆಕ್ಕದಲ್ಲಿ ಮಾಡಿದ ಏರ್ಪಾಡು ಅದು. ಅಂದರೆ ಎಷ್ಟೋ ದಿನದಿಂದ ಸೋಸದ ಎಣ್ಣೆ ಬೇರಿಂಗಿಗೆ ಹೋಗುತ್ತಿತ್ತು. ಮಡಿಕೆಗಳಲ್ಲಿ ಅಲ್ಲಲ್ಲಿ ತಾಮ್ರದ ಬಣ್ಣದ ಮಿನುಗು.

ಐಡಲಿನ 0.9ಕ್ಕೆ ಅದು ವಿವರಣೆ. ಬಿಗ್ ಎಂಡಿನ ಕ್ಯಾಪು ಬಿಚ್ಚಿದಾಗ ಬೇರಿಂಗ್ ಶೆಲ್ಲಿನ ಮೇಲಿನ ಬೂದು ಲೇಪ ಸವೆದು ಕೆಳಗಿನ ತಾಮ್ರ ಮಿಶ್ರಲೋಹ ಇಣುಕುತ್ತಿತ್ತು. ಆ ಲೇಪ ಮಿಲಿಮೀಟರಿನ ನೂರರಲ್ಲಿ ಎರಡು ಪಾಲು ಅಷ್ಟೇ ಇರುತ್ತದೆ. ಜರ್ನಲ್ಲುಗಳನ್ನು ಮೈಕ್ರೋಮೀಟರಿನಿಂದ ಅಳೆದರು. ಗೀರಿಲ್ಲ, ಅಳತೆಯೂ ಮಿತಿಯೊಳಗೆ. ಕ್ರ್ಯಾಂಕನ್ನು ಲೇತಿಗೆ ಕಳಿಸಿ ಗ್ರೈಂಡ್ ಮಾಡಿಸುವ ಅಗತ್ಯ ಇರಲಿಲ್ಲ. ಹೊಸ ಶೆಲ್ಲುಗಳನ್ನು ಗಾಡಿಯ ಕೆಳಗಿನಿಂದಲೇ ಕೂಡಿಸಿದರು. ಪಂಪು ಬಿಚ್ಚಿ ಗೇರುಗಳ ಸಂದಿಗೆ ಫೀಲರ್ ಗೇಜು ತೂರಿಸಿ ನೋಡಿದರು. ಪಂಪಿಗೆ ಏನೂ ಆಗಿರಲಿಲ್ಲ.

ನಮ್ಮ ರಸ್ತೆಗಳ ಹಳೆಯ ಲಾರಿ ಇಂಜಿನ್ನುಗಳು ಇಂಥ ಆರೈಕೆಗೆ ಚೆನ್ನಾಗಿ ಓಗೊಡುತ್ತವೆ. ಟಾಟಾದವರು 1954ರಲ್ಲಿ ಜರ್ಮನಿಯ ಬೆಂಜ್ ಕಂಪನಿಯ ಜೊತೆಗೂಡಿ ಲಾರಿ ಮಾಡತೊಡಗಿದಾಗಿನ ವಂಶವೇ ಮುಂದೆ 692, 697 ಎಂಬ ಇಂಜಿನ್ನುಗಳಾಗಿ ಬೆಳೆಯಿತು. ಆರು ಸಿಲಿಂಡರು, ಬೋರು 92 ಮಿ.ಮೀ. ಎಂದರೆ 692, 97 ಮಿ.ಮೀ. ಎಂದರೆ 697. ಹೆಸರಿನಲ್ಲೇ ಅಳತೆ. ಹೀಗೆ ಅಳತೆಯನ್ನು ಮುಚ್ಚಿಡದೆ, ತುಂಡು ತುಂಡಾಗಿ ಬಿಚ್ಚಿ ಅಳೆದು ಮತ್ತೆ ಕೂಡಿಸಬಹುದಾದ ಯಂತ್ರಗಳು ಅವು. ಅಂಥದ್ದನ್ನು ಅಳೆಯದೆ ಊಹೆಯ ಮೇಲೆ ಫುಲ್ ಇಂಜಿನ್ ಎಂದು ತೀರ್ಪು ಕೊಡುವುದು ಆ ಇಂಜಿನ್ನಿಗೂ ಅದರ ಮೇಲೆ ಬದುಕುವ ಮನೆಗೂ ಮಾಡುವ ಅನ್ಯಾಯ.

ಕಿಟ್ಟ ಕೆರೆದು ತೆಗೆಯುವಾಗ ಮೇಸ್ತ್ರಿಯ ಹುಡುಗನ ಕೈ ಮೊಣಕೈವರೆಗೆ ಕಪ್ಪಾಗಿತ್ತು. ಬಳಸಿದ ಇಂಜಿನ್ ಆಯಿಲಿನಲ್ಲಿ ಚರ್ಮದ ಕ್ಯಾನ್ಸರಿಗೆ ಕಾರಣವಾಗಬಲ್ಲ ರಾಸಾಯನಿಕಗಳಿರುತ್ತವೆ. ನಾನು ಮರುದಿನ ಒಂದು ಪೆಟ್ಟಿಗೆ ರಬ್ಬರ್ ಗ್ಲೌಸ್ ಒಯ್ದು ಕೊಟ್ಟೆ, ಹುಡುಗ ಹಾಕಿಕೊಂಡ. ಬಸಿದ ಎಣ್ಣೆಯನ್ನು ಅವರು ಚರಂಡಿಗೆ ಚೆಲ್ಲದೆ ಬ್ಯಾರಲ್ಲಿನಲ್ಲಿ ತುಂಬಿಡುತ್ತಾರೆ ಎಂಬುದನ್ನೂ ಇಲ್ಲಿ ಹೇಳಬೇಕು.

ಹೊಸ ಎಣ್ಣೆ, ಹೊಸ ಫಿಲ್ಟರ್, ಮತ್ತೆ ಇಪ್ಪತ್ತು ಕಿಲೋಮೀಟರ್. ಮೆಕ್ಯಾನಿಕಲ್ ಗೇಜು ಬಿಸಿ ಐಡಲಿನಲ್ಲಿ 1.5 ತೋರಿಸಿತು. 1500ರಲ್ಲಿ 3.4. ಐದು ನಿಮಿಷ ಹಿಡಿದರೂ ಮುಳ್ಳು ಅಲುಗಲಿಲ್ಲ. ಒಳಗೆ ಉಳಿದ ಕಿಟ್ಟ ಇನ್ನೂ ಕರಗಿ ಬರುತ್ತದೆ, ಸಾವಿರ ಕಿಲೋಮೀಟರಿಗೆ ಬಂದು ಎಣ್ಣೆಯನ್ನೂ ಫಿಲ್ಟರನ್ನೂ ಇನ್ನೊಮ್ಮೆ ಬದಲಾಯಿಸು ಎಂದು ಮೇಸ್ತ್ರಿ ಹೇಳಿದರು. ಆಮೇಲೆ ಕ್ಯಾಬಿನ್ನಿಗೆ ಹತ್ತಿ, ಟೂಲ್ ಬಾಕ್ಸಿನ ಮುಚ್ಚಳದ ಒಳಬದಿಗೆ ಬಿಳಿ ಪೇಂಟಿನಲ್ಲಿ ಆ ಎರಡು ಅಂಕಿಗಳನ್ನೂ ತಾರೀಖನ್ನೂ ಕಿಲೋಮೀಟರನ್ನೂ ಬರೆದರು.

ನಿಮ್ಮ ಬಳಿ ಹಳೆಯ ಲಾರಿಯೋ ಟ್ರ್ಯಾಕ್ಟರೋ ಇದ್ದರೆ, ಅದು ಚೆನ್ನಾಗಿ ಓಡುತ್ತಿರುವ ಈ ದಿನವೇ ಒಂದು ಮೆಕ್ಯಾನಿಕಲ್ ಗೇಜು ಹಾಕಿಸಿ, ಇಂಜಿನ್ ಬಿಸಿಯಾದ ಮೇಲಿನ ಎರಡು ಅಂಕಿಗಳನ್ನು ಹೀಗೆಯೇ ಬರೆದಿಡಿ. ಮುಳ್ಳು ಬಿದ್ದ ದಿನ ಮೊದಲು ಇಂಜಿನ್ ನಿಲ್ಲಿಸಿ. ಗ್ಯಾರೇಜಿಗೆ ಹೋದಾಗ, ಯಾವಾಗ ಬಿತ್ತು ಎಂದು ಅವರು ಕೇಳದಿದ್ದರೆ ನೀವಾಗಿಯೇ ಹೇಳಿ.